ಕೊಟ್ಟಿಗೆಯ ತೇವಕ್ಕೆ ಜಲ್ಲಿ ಚರಂಡಿ: ಸಾಮಗ್ರಿಯ ಲೆಕ್ಕ



ಕೊಟ್ಟಿಗೆಯ ನೆಲ ಸದಾ ಒದ್ದೆಯಿದ್ದರೆ ರಾಸುಗಳಿಗೆ ಕೆಚ್ಚಲು ಬಾವು, ಗೊರಸು ಕೊಳೆಯುವ ರೋಗ ತಗಲುವ ಸಂಭವ ಹೆಚ್ಚು. ಚನ್ನರಾಯಪಟ್ಟಣಕ್ಕಿಂತ ಅರಕಲಗೂಡು ಕಡೆ ಮುಂಗಾರು ಜೋರು. ಅಲ್ಲಿಯ ಸದಸ್ಯರು ವಿಶೇಷವಾಗಿ ಗಮನಿಸಬೇಕು. ದಿಬ್ಬದ ಕಡೆಯಿಂದ ಒಸರುವ ನೀರನ್ನು ತಡೆಯಲು ಆ ಬದಿಯಲ್ಲಿ ಜಲ್ಲಿ ಚರಂಡಿ ತೆಗೆಯಿರಿ.

ಉದ್ದ 30 ಅಡಿ, ಅಗಲ 1 ಅಡಿ, ಆಳ ಒಂದೂವರೆ ಅಡಿಯಾದರೆ ಒಟ್ಟು 45 ಘನ ಅಡಿ. 4 ಅಂಗುಲದ ಪೈಪಿಗೆ 3 ಘನ ಅಡಿ ಕಳೆದು, ಉಳಿದ 42ಕ್ಕೆ ಶೇ. 10 ಸೇರಿಸಿದರೆ 46. ಅರ್ಧ ಯೂನಿಟ್, ಅಂದರೆ 50 ಘನ ಅಡಿ, 20 ಮಿ.ಮೀ. ಜಲ್ಲಿ ಸಾಕು. 10 ಅಡಿಯ ತೂತಿನ ಪೈಪು 3. ಜಲ್ಲಿಯನ್ನು ಸುತ್ತಲು ನೀರು ಸೋಸುವ ಬಟ್ಟೆ 6 ಅಡಿ ಅಗಲ, 30 ಅಡಿ ಉದ್ದ. ಪ್ರತಿ 10 ಅಡಿಗೆ ಒಂದೂಕಾಲು ಅಂಗುಲ ಇಳಿಜಾರು ಕೊಡಿ.

ಗಂಜಲ, ಸಗಣಿ ನೀರನ್ನು ಇದಕ್ಕೆ ಬಿಡಬೇಡಿ; ಜಲ್ಲಿ ಕಟ್ಟಿಕೊಳ್ಳುತ್ತದೆ. ಅದು ಗೊಬ್ಬರದ ಗುಂಡಿಗೇ ಸೇರಲಿ.