ಕಪ್ಪತಗುಡ್ಡ ಮಳೆಗಾಲಕ್ಕಷ್ಟೇ ಚೆಂದವೇ?

ಮುಂಗಾರಿನಲ್ಲಿ ಕಪ್ಪತಗುಡ್ಡದ ನೆತ್ತಿಗೆ ಮಂಜು ಕವಿದರೆ ಸಾಕು, ಗದಗ-ಬೆಟಗೇರಿ, ಹುಬ್ಬಳ್ಳಿ ಕಡೆಯ ಗಾಡಿಗಳೆಲ್ಲ ಗುಡ್ಡದ ಬುಡದ ಡೋಣಿಯತ್ತ ತಿರುಗುತ್ತವೆ. ಮಂಜು ಕರಗಿದ ಮೇಲೆ ಅಲ್ಲೇನಿದೆ, ಬರೀ ಬೋಳುಗುಡ್ಡ, ಅರ್ಧ ದಿನದಲ್ಲಿ ನೋಡಿ ಮುಗಿಸಬಹುದು ಎಂಬುದು ಬಹಳ ಮಂದಿಯ ನಂಬಿಕೆ. ಪ್ರವಾಸದ ಯೋಜನೆ ದಾರಿ ತಪ್ಪುವುದು ಇಲ್ಲಿಂದಲೇ. 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಈ ಪ್ರದೇಶದ ವಿಸ್ತಾರ ಸುಮಾರು 244 ಚದರ ಕಿ.ಮೀ.; ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನಕ್ಕಿಂತ ತುಸುವೇ ಕಡಿಮೆ. ಗದುಗಿನ ಪಕ್ಕದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ, ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಗುಡ್ಡದ ಸಾಲು ಅರವತ್ತು ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಚಾಚಿದೆ. ಗುಡ್ಡದ ಮೇಲಿನ ಗಾಳಿಗುಂಡಿ ಬಸವಣ್ಣನ ಗುಡಿಯವರೆಗೆ ಹತ್ತಿ ಇಳಿದವರು ಕಂಡದ್ದು ಅದರ ಒಂದು ತುಣುಕನ್ನಷ್ಟೆ.

ಬೋಳು ಎಂಬ ಮಾತನ್ನೇ ಮೊದಲು ಪರೀಕ್ಷಿಸಬೇಕು. ಕಾಡೆಂದರೆ ಮಲೆನಾಡಿನಂತೆ ಬಿಸಿಲು ನೆಲ ಮುಟ್ಟದ ದಟ್ಟಣೆ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಮಳೆ ಕಡಿಮೆ ಬೀಳುವ ಬಯಲುಸೀಮೆಯ ಕಾಡಿನ ಸ್ವರೂಪವೇ ಬೇರೆ: ಎದೆಯೆತ್ತರದ ಬಾದೆ ಹುಲ್ಲು, ಮುಳ್ಳುಕಂಟಿ, ಬಂಡೆಗಳ ಸಂದಿಯಲ್ಲಿ ಔಷಧೀಯ ಸಸ್ಯ. ತೋಳ, ಕತ್ತೆಕಿರುಬ, ಕೊಂಡುಕುರಿ ಬದುಕುವುದು ಇಂಥ ತೆರೆದ ನೆಲದಲ್ಲೇ. ಹಳದಿ ಕೊರಳಿನ ಪಿಕಳಾರವಂತೂ ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಹಿಂದೆ ಇಲ್ಲಿ ಮರಗಳು ಹೆಚ್ಚಿದ್ದವಲ್ಲ, ಕಡಿದದ್ದರಿಂದಲೇ ಹೀಗಾಗಿದೆಯಲ್ಲ ಎಂದು ಕೇಳುವವರಿದ್ದಾರೆ. ಇಳಿಜಾರುಗಳ ಕೆಲವು ಕಡೆ ಅದು ನಿಜವೇ. ಅಲ್ಲಿ ಮರ ಕಡಿಯುವುದು, ದನ ಮೇಯಿಸುವುದು, ಬೆಂಕಿ ಮೂರನ್ನೂ ತಡೆದರೆ ಮರ ತಾನಾಗಿ ಚಿಗುರುತ್ತದೆ. ಆದರೆ ಹುಲ್ಲುಗಾವಲನ್ನೂ ಹಾಳು ನೆಲವೆಂದು ಬಗೆದು, ಪ್ರವಾಸಕ್ಕೆ ಬಂದವರು ಸಿಕ್ಕ ಸಿಕ್ಕ ಬೀಜದುಂಡೆ ಎಸೆದು ಹೋಗುವುದು ಉಪಕಾರವಲ್ಲ. ಹುಲ್ಲು ನೆರಳಿಗೆ ಸಿಕ್ಕಿ ಸತ್ತರೆ ಅದನ್ನೇ ನಂಬಿದ ಜೀವಿಗಳೂ ಜಾಗ ಖಾಲಿ ಮಾಡುತ್ತವೆ.

ಇನ್ನು ಕಾಲದ ಮಾತು. ಹಸಿರನ್ನೇ ಅಳತೆಗೋಲು ಮಾಡಿಕೊಂಡು ಜುಲೈ-ಆಗಸ್ಟಿನಲ್ಲಿ ಹೊರಟವರಿಗೆ, ಇದೇ ಪ್ರವಾಸದಲ್ಲಿ ನೋಡಬಹುದಾದ ಮಾಗಡಿ ಕೆರೆಯ ವಲಸೆ ಹೆಬ್ಬಾತುಗಳು ಸಿಗುವುದೇ ಇಲ್ಲ. ಗದಗ-ಲಕ್ಷ್ಮೇಶ್ವರ ದಾರಿಯಲ್ಲಿ, ಶಿರಹಟ್ಟಿ ತಾಲ್ಲೂಕಿನ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗಿಳಿಯುವುದು ನವೆಂಬರಿನ ಹೊತ್ತಿಗೆ. ಬಿಸಿಲು ಏರುತ್ತಿದ್ದಂತೆ ಮರಳುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು, ಗುರುತು ಹಿಡಿಯಲು ಕಷ್ಟವಿಲ್ಲ. ನೀರಿನಲ್ಲಿ ತೇಲುವುದನ್ನು ಕಂಡು ಇವು ಮೀನು ತಿನ್ನುತ್ತವೆ ಎಂದುಕೊಳ್ಳುವವರು ಅನೇಕರು. ಅವುಗಳ ಆಹಾರ ಹುಲ್ಲು, ಕಾಳು, ಎಳೆಯ ಪೈರು. ಸುತ್ತಲಿನ ಶೇಂಗಾ, ಕಡ್ಲಿ ಹೊಲಗಳಲ್ಲಿ ಮೇಯ್ದು ಕೆರೆಗೆ ವಿಶ್ರಾಂತಿಗೆ ಬರುತ್ತವೆ. ಆದ್ದರಿಂದ ಹೊತ್ತು ಮೂಡುವಾಗ ಅಥವಾ ಸಂಜೆ ದಂಡೆಯಲ್ಲಿದ್ದರೆ ಹಿಂಡು ಏಳುವುದೂ ಇಳಿಯುವುದೂ ಕಾಣುತ್ತದೆ. ಅದೇ ತಿಂಗಳುಗಳಲ್ಲಿ ಗುಡ್ಡದ ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ. ನನ್ನ ಮಟ್ಟಿಗೆ ಇದೇ ಸರಿಯಾದ ಹಂಗಾಮು.

ಹಾಗಾದರೆ ಒಂದೇ ದಿನಕ್ಕೆ ಎಲ್ಲವನ್ನೂ ತುರುಕುವುದು ಬೇಡ. ಮೊದಲ ದಿನ ಬೆಳಗ್ಗೆ ಮಾಗಡಿ, ಆಮೇಲೆ ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯ, ಶಿರಹಟ್ಟಿಯ ಫಕೀರೇಶ್ವರ ಮಠ. ಮರುದಿನ ಡಂಬಳದ ನಕ್ಷತ್ರಾಕಾರದ ದೊಡ್ಡಬಸಪ್ಪ ಗುಡಿ, ಡೋಣಿ, ಗುಡ್ಡ, ಮುಂಡರಗಿ ದಾಟಿ ಸಿಂಗಟಾಲೂರಿನ ವೀರಭದ್ರೇಶ್ವರ. ಇನ್ನು ಗುಡ್ಡದಲ್ಲಿ ಪಾಲಿಸಬೇಕಾದ ನಿಯಮಗಳ ಮಾತು: ದೇವರ ಗುಡ್ಡಕ್ಕೆ ಕಾಯ್ದೆಯ ಕಟ್ಟಳೆ ಏಕೆ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಆದರೆ ಕಪ್ಪತಗುಡ್ಡಕ್ಕೆ 2015ರಲ್ಲಿ ಸಿಕ್ಕ ಸಂರಕ್ಷಿತ ಸ್ಥಾನಮಾನವನ್ನು ಸರ್ಕಾರ ಮರುವರ್ಷ ಹಿಂತೆಗೆದುಕೊಂಡಾಗ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರೇ ಮುಂದೆ ನಿಂತು ಹೋರಾಡಿದರು. 2017ರಲ್ಲಿ ಅದು ಮರಳಿ ಬಂತು. ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಇರುವ ಈ ನೆಲ ಗಣಿಯ ಪಾಲಾಗದೆ ಉಳಿದದ್ದು ಭಕ್ತರೂ ಕಾಯ್ದೆಯೂ ಒಂದೇ ಕಡೆ ನಿಂತದ್ದರಿಂದ. ಹಾಗಾಗಿ ದೇವಸ್ಥಾನದ ದಾರಿ ಬಿಟ್ಟು ಒಳಗೆ ಹೋಗಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಕೇಳಿ, ಗಾಡಿಯನ್ನು ಹುಲ್ಲಿಗೆ ಇಳಿಸಬೇಡಿ. ಚಳಿಗಾಲ ಕಳೆಯುತ್ತಿದ್ದಂತೆ ಒಣಗಿದ ಬಾದೆ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು, ಇಡೀ ಇಳಿಜಾರು ಹೊತ್ತಿಕೊಳ್ಳುತ್ತದೆ. ಬೆಂಕಿಪೊಟ್ಟಣವನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ.