ನಾಯಿಗಳ ಬೆನ್ನೆಲುಬಿನ ಬಿಲ್ಲೆಯ ರೋಗ: ಮರುಕಳಿಸುವ ಬೇನೆಯಲ್ಲಿ ಆರೈಕೆಯ ಕ್ರಮ

ಗಿಡ್ಡ ಕಾಲು, ನೀಳವಾದ ಮೈ, ಜೋಲುಕಿವಿಗಳುಳ್ಳ ಡಾಕ್ಸ್‌ಹುಂಡ್ ಎಂಬ ನಾಯಿಯು ಜರ್ಮನಿ ದೇಶದಲ್ಲಿ ಬಿಲವಾಸಿಯಾದ ಬ್ಯಾಡ್ಜರ್ ಎಂಬ ಮೃಗವನ್ನು ಬೇಟೆಯಾಡುವುದಕ್ಕಾಗಿ ಬೆಳೆಸಲ್ಪಟ್ಟ ತಳಿ. ಈ ತಳಿಯ ಅಭಿವೃದ್ಧಿಗಾಗಿ ಅಲ್ಲಿ 1888ರಲ್ಲಿಯೇ ಒಂದು ಸಂಘವು ಸ್ಥಾಪಿತವಾಯಿತು. ಈಗ ಕರ್ನಾಟಕದ ಪಟ್ಟಣಗಳಲ್ಲಿಯೂ ಇದನ್ನು ಮನೆನಾಯಿಯಾಗಿ ಸಾಕತಕ್ಕವರು ಅನೇಕರಿರುವರು. ಚುರುಕುಬುದ್ಧಿ, ಧೈರ್ಯ, ಯಜಮಾನನಲ್ಲಿ ವಿಶ್ವಾಸ ಇವು ಈ ನಾಯಿಯ ಗುಣಗಳು. ಆದರೆ ಇದಕ್ಕೆ ಹುಟ್ಟಿನಿಂದಲೇ ಅಂಟಿಬಂದಿರುವ ಒಂದು ದೋಷವುಂಟು. ಅದು ಬೆನ್ನೆಲುಬಿನ ಬಿಲ್ಲೆಯ ರೋಗ. ಡಾಕ್ಸ್‌ಹುಂಡ್‌ಗಳಲ್ಲಿ ಸುಮಾರು ಐದಕ್ಕೊಂದರಂತೆ ತಮ್ಮ ಜೀವಮಾನದಲ್ಲಿ ಈ ಬೇನೆಗೆ ಗುರಿಯಾಗುತ್ತವೆ. ಪೀಕಿಂಗೀಸ್, ಬೀಗಲ್, ಬ್ಯಾಸೆಟ್, ಫ್ರೆಂಚ್ ಬುಲ್‌ಡಾಗ್, ಶೀಟ್ಸು ಮುಂತಾದ ತಳಿಗಳಿಗೂ ಇದರ ಬಾಧೆಯಿದೆ. ಮುಧೋಳದ ಬೇಟೆನಾಯಿಯಂತಹ ನೀಳಕಾಲಿನ ತಳಿಗಳಲ್ಲಿ ಈ ರೋಗವು ಇದೇ ರೂಪದಲ್ಲಿ ಕಾಣಿಸಿಕೊಳ್ಳುವುದು ಅಪರೂಪ.

ಒಮ್ಮೆ ಗುಣವಾದ ಮೇಲೆ ಪುನಃ ಮರುಕಳಿಸುವುದು ಈ ರೋಗದ ಸ್ವಭಾವ. ಆದಕಾರಣ ಔಷಧಿ ಕೊಡಿಸುವುದರಿಂದಲೇ ಸಾಕುವವನ ಕರ್ತವ್ಯವು ಮುಗಿಯುವುದಿಲ್ಲ. ಒಂದು ಸಲದ ಬೇನೆಗೂ ಇನ್ನೊಂದು ಸಲದ ಬೇನೆಗೂ ನಡುವೆ ನಾಯಿಯನ್ನು ಯಾವ ರೀತಿಯಲ್ಲಿ ಇಟ್ಟುಕೊಳ್ಳಬೇಕೆಂಬುದೇ ಮುಖ್ಯ ವಿಷಯ.

ರೋಗದ ಸ್ವರೂಪ

ನಾಯಿಯ ಬೆನ್ನೆಲುಬು ಕತ್ತಿನಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7 ಮಣಿಗಳಿಂದಲೂ, ಅವುಗಳ ಹಿಂದಿನ ಮಣಿಗಳಿಂದಲೂ ಕೂಡಿದೆ. ಬಹುತೇಕ ಮಣಿಗಳ ನಡುವೆ ಒಂದೊಂದು ಬಿಲ್ಲೆಯಿರುತ್ತದೆ. ಈ ಬಿಲ್ಲೆಯ ಹೊರಭಾಗವು ತೆಂಗಿನ ನಾರಿನಂತೆ ಪದರಪದರವಾಗಿ ಹೆಣೆದುಕೊಂಡಿರುವ ಗಟ್ಟಿಯಾದ ಬಳೆ. ಒಳಭಾಗವು ಎಳನೀರಿನ ಗಂಜಿಯಂತಹ ಮೆದುವಾದ ತಿರುಳು. ನಾಯಿಯು ಓಡುವಾಗಲೂ ಹಾರುವಾಗಲೂ ಬೆನ್ನಿಗೆ ಬೀಳುವ ಪೆಟ್ಟನ್ನು ಈ ತಿರುಳು ತಾಳಿಕೊಳ್ಳುತ್ತದೆ. ಗಿಡ್ಡಕಾಲಿನ ತಳಿಗಳಲ್ಲಿ ಒಂದು ವರ್ಷ ತುಂಬುವ ವೇಳೆಗೇ ತಿರುಳು ಒಣಗಿ, ಕಾಲಕ್ರಮದಲ್ಲಿ ಸುಣ್ಣಗಟ್ಟುವುದೂ ಉಂಟು. ಬಳೆಯು ಮೇಲ್ಗಡೆ, ಅಂದರೆ ಬೆನ್ನುಹುರಿಯ ಕಡೆಗೆ, ತೆಳುವಾಗಿರುವುದರಿಂದ ಒಣಗಿದ ತಿರುಳು ಅದನ್ನು ಸೀಳಿಕೊಂಡು ಮೇಲಕ್ಕೆ ಚಿಮ್ಮಿ ಹುರಿಯನ್ನು ಅಮುಕುತ್ತದೆ. ಹೀಗೆ ತಿರುಳು ಸಿಡಿಯುವ ಬಗೆಯನ್ನೂ, ದೊಡ್ಡ ತಳಿಯ ಮುದಿನಾಯಿಗಳಲ್ಲಿ ಬಿಲ್ಲೆಯು ಮೆಲ್ಲಮೆಲ್ಲನೆ ಉಬ್ಬುವ ಬಗೆಯನ್ನೂ ಸ್ವೀಡನ್ ದೇಶದ ಹಾನ್ಸೆನ್ ಎಂಬ ಶಾಸ್ತ್ರಜ್ಞರು 1952ರಲ್ಲಿ ಬೇರೆಬೇರೆಯಾಗಿ ವಿಂಗಡಿಸಿದರು.

ಎದೆಯ ಮುಂಭಾಗದಲ್ಲಿ ಎರಡು ಪಕ್ಕಗಳ ಪಕ್ಕೆಲುಬುಗಳ ತಲೆಗಳನ್ನು ಬಂಧಿಸುವ ಒಂದು ಪಟ್ಟಿಯು ಬಿಲ್ಲೆಯ ಮೇಲ್ಗಡೆ ಹಾದು ಹೋಗುವುದರಿಂದ ಅಲ್ಲಿ ರಕ್ಷಣೆಯುಂಟು. ಎದೆಯ ಕೊನೆಯ ಮಣಿಗಳೂ ಸೊಂಟದ ಮೊದಲ ಮಣಿಗಳೂ ಸೇರುವೆಡೆಯಲ್ಲಿ ಈ ಪಟ್ಟಿಯಿಲ್ಲ. ರೋಗವು ಹೆಚ್ಚಾಗಿ ತಲೆದೋರುವುದು ಅಲ್ಲಿಯೇ. ಸಾಧಾರಣವಾಗಿ 3 ರಿಂದ 7 ವರ್ಷಗಳ ವಯಸ್ಸಿನಲ್ಲಿ ಇದು ಮೊದಲು ಕಾಣಿಸಿಕೊಳ್ಳುತ್ತದೆ.

ಲಕ್ಷಣಗಳು

ರೋಗದ ಏರುವಿಕೆಯನ್ನು ಐದು ದರ್ಜೆಗಳಾಗಿ ತಿಳಿಯಬಹುದು. ಒಂದನೆಯ ದರ್ಜೆಯಲ್ಲಿ ನೋವು ಮಾತ್ರ ಇರುತ್ತದೆ: ನಾಯಿಯು ಬೆನ್ನನ್ನು ಗೂನುಮಾಡಿ ನಿಲ್ಲುತ್ತದೆ, ಮೆಟ್ಟಲೇರಲು ಒಪ್ಪುವುದಿಲ್ಲ, ಎತ್ತಿಕೊಂಡರೆ ಕಿರಿಚುತ್ತದೆ, ಹೊಟ್ಟೆಯನ್ನು ಬಿಗಿಹಿಡಿಯುತ್ತದೆ. ಇದನ್ನು ಹೊಟ್ಟೆನೋವೆಂದು ಭ್ರಮಿಸುವುದುಂಟು. ಕತ್ತಿನ ಬಿಲ್ಲೆ ಕೆಟ್ಟಿದ್ದರೆ ತಲೆಯನ್ನು ತಗ್ಗಿಸಿಕೊಂಡೇ ಇದ್ದು, ಮೇಲೆತ್ತಲು ಹೆದರುತ್ತದೆ. ಎರಡನೆಯದರಲ್ಲಿ ನಡೆಯಬಲ್ಲದಾದರೂ ಹಿಂಗಾಲುಗಳು ತೂರಾಡಿ ಪಾದಗಳು ಮಡಿಚಿಕೊಳ್ಳುತ್ತವೆ. ಮೂರನೆಯದರಲ್ಲಿ ಎದ್ದು ನಡೆಯಲಾರದು, ಕಾಲುಗಳನ್ನು ಅಲುಗಿಸಬಲ್ಲದು. ನಾಲ್ಕನೆಯದರಲ್ಲಿ ಕಾಲುಗಳು ಅಲುಗುವುದೇ ಇಲ್ಲ, ಆದರೆ ಬೆರಳನ್ನು ಗಟ್ಟಿಯಾಗಿ ಹಿಸುಕಿದರೆ ನೋವು ತಿಳಿಯುತ್ತದೆ. ಐದನೆಯದರಲ್ಲಿ ಆ ನೋವಿನ ಅರಿವೂ ಹೋಗಿರುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದಿರಬೇಕು. ಬೆರಳನ್ನು ಹಿಸುಕಿದಾಗ ಕಾಲು ತಾನಾಗಿ ಹಿಂದಕ್ಕೆ ಸರಿದರೆ ನೋವು ತಿಳಿಯಿತೆಂದು ಅರ್ಥವಲ್ಲ. ಅದು ಹುರಿಯ ಕೆಳಭಾಗದ ತಾನೇತಾನಾದ ಪ್ರತಿಕ್ರಿಯೆ. ನಾಯಿಯು ತಿರುಗಿ ನೋಡಬೇಕು, ಕೂಗಬೇಕು, ಇಲ್ಲವೆ ಕಚ್ಚಲು ಬರಬೇಕು. ಆಗ ಮಾತ್ರ ಅರಿವು ಉಳಿದಿದೆಯೆನ್ನಬಹುದು. ಈ ಪರೀಕ್ಷೆಯನ್ನು ಪಶುವೈದ್ಯರೇ ಮಾಡತಕ್ಕದ್ದು.

ಲಸಿಕೆ ಹಾಕಿಸದ ನಾಯಿಗೆ ಹಠಾತ್ತಾಗಿ ಕಾಲು ಬಿದ್ದರೆ ಅದು ಬಿಲ್ಲೆಯ ರೋಗವೇ ಎಂದು ನಿಶ್ಚಯಿಸಬಾರದು. ಹುಚ್ಚುನಾಯಿ ರೋಗವೂ ಡಿಸ್ಟೆಂಪರ್ ರೋಗವೂ ಪಾರ್ಶ್ವವಾಯುವಿನಂತೆ ತೋರಬಹುದು. ಅಂತಹ ನಾಯಿಯ ಬಾಯಿಗೆ ಕೈಯಿಡದೆ, ಜೊಲ್ಲು ಸೋಕಿಸಿಕೊಳ್ಳದೆ, ಕೂಡಲೆ ಪಶುವೈದ್ಯರಿಗೆ ತಿಳಿಸತಕ್ಕದ್ದು.

ವಿಳಂಬವು ಸಲ್ಲದು

ನಡೆಯಬಲ್ಲ ನಾಯಿಗಳಲ್ಲಿ ವಿಶ್ರಾಂತಿ ಮತ್ತು ಔಷಧಿಗಳಿಂದಲೇ ಸುಮಾರು ಹತ್ತಕ್ಕೆ ಎಂಟು ಗುಣಹೊಂದುತ್ತವೆ. ನೋವಿನ ಅರಿವಿದ್ದು ಕಾಲು ಬಿದ್ದ ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹತ್ತಕ್ಕೆ ಒಂಬತ್ತು ಮತ್ತೆ ನಡೆಯುತ್ತವೆ. ಅರಿವು ಹೋದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿದರೂ ನಡೆಯುವುವು ಹತ್ತಕ್ಕೆ ಆರು ಮಾತ್ರ. ಶಸ್ತ್ರಚಿಕಿತ್ಸೆಯಿಲ್ಲದಿದ್ದರೆ ಐದಕ್ಕೆ ಒಂದರಂತೆ. ಬೆಳಿಗ್ಗೆ ಎರಡನೆಯ ದರ್ಜೆಯಲ್ಲಿದ್ದ ನಾಯಿಯು ಸಾಯಂಕಾಲಕ್ಕೆ ಐದನೆಯ ದರ್ಜೆಗೆ ಇಳಿಯಬಹುದು. ಆದಕಾರಣ ನಡಿಗೆ ಕೆಟ್ಟಿತೆಂದು ಕಂಡ ದಿನವೇ ವೈದ್ಯರಲ್ಲಿಗೆ ಒಯ್ಯಬೇಕು. ನಾಳೆ ನೋಡೋಣವೆಂದು ಕಾಯಬಾರದು. ಸಾಧಾರಣ ಕ್ಷಕಿರಣ ಚಿತ್ರದಲ್ಲಿ ಬೆನ್ನುಹುರಿಯು ಕಾಣುವುದಿಲ್ಲ. ತಿರುಳು ಹುರಿಯನ್ನು ಒತ್ತಿರುವ ಸ್ಥಳವನ್ನು ನಿಖರವಾಗಿ ತೋರಿಸುವುದು ಎಂ.ಆರ್.ಐ. ಅಥವಾ ಸಿ.ಟಿ. ಪರೀಕ್ಷೆ. ಈ ಅನುಕೂಲಗಳೂ ಶಸ್ತ್ರಚಿಕಿತ್ಸೆಯೂ ಎಲ್ಲಿ ದೊರೆಯುವುವೆಂಬುದನ್ನು ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರಿಂದಲೋ, 1958ರಲ್ಲಿ ಸ್ಥಾಪಿತವಾದ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದಲೋ ಮುಂಚಿತವಾಗಿಯೇ ವಿಚಾರಿಸಿ ಬರೆದಿಟ್ಟುಕೊಳ್ಳುವುದು ವಿವೇಕ. ಬೇನೆಯು ಬಂದ ರಾತ್ರಿ ವಿಚಾರಿಸುತ್ತ ಕುಳಿತರೆ ಅಮೂಲ್ಯವಾದ ಕಾಲವು ಕಳೆದುಹೋಗುವುದು.

ನಾಯಿಯನ್ನು ಸಾಗಿಸುವಾಗ ಒಂದು ಹಲಗೆಯ ಮೇಲೆ ಮಲಗಿಸಿ ಬಟ್ಟೆಯಿಂದ ಸಡಿಲವಾಗಿ ಕಟ್ಟತಕ್ಕದ್ದು. ನೋವಿನಲ್ಲಿರುವ ನಾಯಿಯು ಯಜಮಾನನನ್ನಾದರೂ ಕಚ್ಚೀತೆಂಬುದನ್ನು ಮರೆಯಬಾರದು.

ಕಟ್ಟುನಿಟ್ಟಾದ ವಿಶ್ರಾಂತಿ

ಶಸ್ತ್ರಚಿಕಿತ್ಸೆ ಮಾಡಿಸದ ನಾಯಿಗೆ ಕನಿಷ್ಠಪಕ್ಷ 4 ವಾರಗಳ ವಿಶ್ರಾಂತಿ ಅತ್ಯವಶ್ಯಕ. ಹರಿದ ಬಳೆಯು ಕೂಡಿಕೊಳ್ಳಲು ಅಷ್ಟು ಕಾಲವಾದರೂ ಬೇಕು. ನಾಯಿಯು ಎದ್ದು ನಿಲ್ಲುವುದಕ್ಕೂ ತಿರುಗುವುದಕ್ಕೂ ಕಾಲು ಚಾಚಿ ಮಲಗುವುದಕ್ಕೂ ಸಾಕಾಗುವಷ್ಟು ಅಗಲದ, ಹಾರುವುದಕ್ಕೆ ಎಡೆಯಿಲ್ಲದ ಬೋನಿನಲ್ಲಿ ಅದನ್ನು ಇಡತಕ್ಕದ್ದು. ಮಲಮೂತ್ರಗಳಿಗಾಗಿ ದಿನಕ್ಕೆ 3-4 ಸಲ ಎತ್ತಿಕೊಂಡು ಹೋಗಿ, ಕೆಲವೇ ನಿಮಿಷ ಬಿಟ್ಟು, ಎತ್ತಿಕೊಂಡೇ ಬರತಕ್ಕದ್ದು. ಹಿಂಗಾಲು ಸೋತಿದ್ದರೆ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹೊಟ್ಟೆಯ ಕೆಳಗೆ ಹಾಯಿಸಿ ಎರಡು ತುದಿಗಳನ್ನೂ ಮೇಲಕ್ಕೆ ಹಿಡಿದು ಆಧಾರ ಕೊಡಬಹುದು. ಎತ್ತಿಕೊಳ್ಳುವಾಗ ಒಂದು ಕೈ ಎದೆಯ ಕೆಳಗೂ ಇನ್ನೊಂದು ಕೈ ಪೃಷ್ಠದ ಕೆಳಗೂ ಇದ್ದು ಬೆನ್ನು ಮಟ್ಟಸವಾಗಿರಬೇಕು. ಮುಂಗಾಲುಗಳನ್ನು ಹಿಡಿದು ಮಗುವಿನಂತೆ ನೆಟ್ಟಗೆ ಎತ್ತುವುದು ಬಹಳ ಅಪಾಯಕರ.

ಔಷಧಿಯಿಂದ ಮೂರು ನಾಲ್ಕು ದಿನಗಳಲ್ಲಿ ನೋವು ಅಡಗಿ ನಾಯಿಯು ಬಾಲವಾಡಿಸುತ್ತ ಹೊರಗೆ ಬಿಡೆಂದು ಬೇಡುತ್ತದೆ. ಎಚ್ಚರದಿಂದಿರಬೇಕಾದ ಕಾಲವು ಇದೇ. ನೋವು ಹೋಗಿದೆಯೇ ಹೊರತು ಬಳೆಯು ಕೂಡಿಲ್ಲ. ಮನೆಯವರ ಕರುಣೆಯಿಂದ ಬಿಡುಗಡೆ ಹೊಂದಿ ಮಂಚದ ಮೇಲಿಂದ ಹಾರಿದ ನಾಯಿಗೆ ಎರಡನೆಯ ಬೇನೆಯು ಮೊದಲನೆಯದಕ್ಕಿಂತ ಘೋರವಾಗಿ ಬರಬಹುದು. ಮನೆಯಲ್ಲಿ ಒಬ್ಬರು ಕಟ್ಟುನಿಟ್ಟು ಮಾಡಿ ಇನ್ನೊಬ್ಬರು ಸಡಿಲಿಸಿದರೆ ಪ್ರಯೋಜನವಿಲ್ಲ. ಮಕ್ಕಳು ಸಹಿತ ಎಲ್ಲರಿಗೂ ಈ ವಿಷಯವನ್ನು ತಿಳಿಸಿಡಬೇಕು.

ವರ್ಜಿಸಬೇಕಾದುವು

ಮನುಷ್ಯರು ಸೇವಿಸುವ ಐಬುಪ್ರೊಫೆನ್, ಡೈಕ್ಲೊಫಿನಾಕ್ ಮುಂತಾದ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು. ಅವುಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗುವುದಲ್ಲದೆ ಮೂತ್ರಪಿಂಡಗಳೂ ಕೆಡುತ್ತವೆ. ಪಶುವೈದ್ಯರು ಬರೆದುಕೊಟ್ಟ ನೋವಿನ ಔಷಧಿಯ ಜೊತೆಯಲ್ಲಿ ಹಿಂದಿನ ಸಲ ಉಳಿದಿದ್ದ ಸ್ಟೆರಾಯ್ಡ್ ಮಾತ್ರೆಯನ್ನು ಕೊಡುವುದೂ ಇದೇ ಬಗೆಯ ಅನಾಹುತಕ್ಕೆ ಕಾರಣ. ಬೆನ್ನಿಗೆ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು, ಕಾಲು ಹಿಡಿದು ಜಗ್ಗುವುದು, ದನಕರುಗಳಿಗೆ ಮಾಡುವಂತೆ ಬರೆಹಾಕುವುದು ಇವುಗಳಿಂದ ಸಿಡಿದ ತಿರುಳು ಸ್ವಸ್ಥಾನಕ್ಕೆ ಬರುವುದಿಲ್ಲ. ಹುರಿಗೆ ಮತ್ತಷ್ಟು ಪೆಟ್ಟಾದೀತು.

ಕಾಲು ಬಿದ್ದ ನಾಯಿಯ ಶುಶ್ರೂಷೆ

ಹಿಂಗಾಲುಗಳು ಸೋತ ನಾಯಿಗೆ ಮೂತ್ರ ವಿಸರ್ಜಿಸುವ ಶಕ್ತಿಯೂ ಹೋಗಿರಬಹುದು. ಹಾಸಿಗೆಯು ಒದ್ದೆಯಾಗಿದ್ದ ಮಾತ್ರಕ್ಕೆ ಮೂತ್ರವು ಸರಿಯಾಗಿ ಆಗುತ್ತಿದೆಯೆಂದು ಸಮಾಧಾನಪಡಬಾರದು. ತುಂಬಿದ ಕೆರೆಯು ಕೋಡಿ ಬಿದ್ದಂತೆ ತುಂಬಿದ ಮೂತ್ರಕೋಶವೂ ತೊಟ್ಟಿಕ್ಕುತ್ತದೆ. ವೈದ್ಯರಿಂದ ಕ್ರಮವನ್ನು ಕಲಿತು ಹೊಟ್ಟೆಯ ಎರಡು ಪಕ್ಕಗಳಿಂದ ಮೆಲ್ಲನೆ ಒತ್ತಿ, ದಿನಕ್ಕೆ 3-4 ಸಲ ಮೂತ್ರಕೋಶವನ್ನು ಬರಿದುಮಾಡತಕ್ಕದ್ದು. ಮೂತ್ರವು ಕಲಕಾಗಿಯೋ ದುರ್ವಾಸನೆಯಿಂದಲೋ ರಕ್ತಮಿಶ್ರಿತವಾಗಿಯೋ ಇದ್ದರೆ ಪರೀಕ್ಷೆ ಮಾಡಿಸಬೇಕು. ದಪ್ಪನಾದ ಮೆತ್ತೆಯ ಮೇಲೆ ಮಲಗಿಸಿ, ನಾಲ್ಕು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಾಯಿಸದಿದ್ದರೆ ಎಲುಬಿನ ಉಬ್ಬುಗಳ ಮೇಲೆ ಹುಣ್ಣಾಗುತ್ತದೆ. ಒದ್ದೆಯಾದ ಹಾಸಿಗೆಯನ್ನು ಕೂಡಲೆ ಬದಲಾಯಿಸಿ ಚರ್ಮವನ್ನು ತೊಳೆದು ಒರಸಬೇಕು. ಬೇಸಿಗೆಯಲ್ಲಿ ನೊಣಗಳು ಕೂರದಂತೆ ನೋಡಿಕೊಳ್ಳಬೇಕು. ವೈದ್ಯರು ಒಪ್ಪಿದ ಮೇಲೆ ಕಾಲಿನ ಕೀಲುಗಳನ್ನು ಮೆಲ್ಲನೆ ಮಡಿಸಿ ಚಾಚುವ ವ್ಯಾಯಾಮವನ್ನು ದಿನವೂ ಮಾಡಿಸಬಹುದು.

ಮರುಕಳಿಸದಂತೆ ಎಚ್ಚರಿಕೆ

ಔಷಧಿಯಿಂದ ಗುಣಹೊಂದಿದ ನಾಯಿಗಳಲ್ಲಿ ಮೂರಕ್ಕೊಂದು, ಕೆಲವು ಲೆಕ್ಕಗಳ ಪ್ರಕಾರ ಎರಡಕ್ಕೊಂದು, ಪುನಃ ಬೇನೆಗೆ ಬೀಳುತ್ತವೆ. ಶಸ್ತ್ರಚಿಕಿತ್ಸೆಯಾದವುಗಳಿಗೂ ಇನ್ನೊಂದು ಬಿಲ್ಲೆಯಿಂದ ರೋಗವು ಬರಬಹುದು. ಶಸ್ತ್ರಚಿಕಿತ್ಸೆಯ ಕಾಲದಲ್ಲಿಯೇ ನೆರೆಯ ಬಿಲ್ಲೆಗಳ ತಿರುಳನ್ನೂ ತೆಗೆಯಿಸಿದರೆ ಈ ಭಯವು ಕಡಿಮೆಯಾಗುತ್ತದೆ. ಮನೆಯಲ್ಲಿ ಅನುಸರಿಸತಕ್ಕ ಕ್ರಮಗಳು ಇವು:

ಮೊದಲನೆಯದಾಗಿ, ಮೈತೂಕವನ್ನು ಹಿಡಿತದಲ್ಲಿಡುವುದು. ಪಕ್ಕೆಲುಬುಗಳು ಕಣ್ಣಿಗೆ ಎದ್ದು ಕಾಣದೆ, ಬೆರಳಿಗೆ ಸುಲಭವಾಗಿ ಸಿಗುವಂತಿರಬೇಕು. ಊಟದ ಹೊತ್ತಿನಲ್ಲಿ ಒಬ್ಬೊಬ್ಬರೂ ಹಾಕುವ ತುತ್ತುಗಳೂ ಬಿಸ್ಕತ್ತುಗಳೂ ಸೇರಿ ನಾಯಿಯನ್ನು ಕೊಬ್ಬಿಸುತ್ತವೆ.

ಎರಡನೆಯದಾಗಿ, ಹಾರುವುದನ್ನು ತಪ್ಪಿಸುವುದು. ಮಂಚ, ಕುರ್ಚಿ, ಮೋಟಾರು ವಾಹನ ಇವುಗಳಿಗೆ ಇಳಿಜಾರು ಹಲಗೆಯನ್ನು ಒಡ್ಡಿ, ಅದರ ಮೇಲೆ ಗೋಣಿತಾಟನ್ನು ಬಡಿಯಬೇಕು. ಮೆಟ್ಟಲುಗಳಿಗೆ ಅಡ್ಡಗಟ್ಟು ಹಾಕಬೇಕು.

ಮೂರನೆಯದಾಗಿ, ನುಣುಪಾದ ನೆಲದ ಮೇಲೆ ಚಾಪೆ ಅಥವಾ ಗೋಣಿಯನ್ನು ಹಾಸುವುದು. ಮಲೆನಾಡಿನಲ್ಲಿ ಮಳೆಗಾಲದ ಅಂಗಳದ ಪಾಚಿಯನ್ನು ಉಜ್ಜಿ ತೆಗೆಯಿಸಬೇಕು.

ನಾಲ್ಕನೆಯದಾಗಿ, ಕತ್ತಿನ ಪಟ್ಟಿಗೆ ಬದಲಾಗಿ ಎದೆಯ ಪಟ್ಟಿಯನ್ನು ಉಪಯೋಗಿಸುವುದು. ವಿಶ್ರಾಂತಿಯ ಅವಧಿ ಮುಗಿದ ಮೇಲೆ ಸಮನೆಲದಲ್ಲಿ ನಿಧಾನವಾದ ನಡಿಗೆಯನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ವ್ಯಾಯಾಮವಿಲ್ಲದೆ ಬೆನ್ನಿನ ಮಾಂಸಖಂಡಗಳು ಸೊರಗುವುದೂ ಹಿತವಲ್ಲ.

ಐದನೆಯದಾಗಿ, ಹಾಲಿನ ಲೆಕ್ಕವನ್ನು ಬರೆದಿಡುವಂತೆ ನಾಯಿಗೂ ಒಂದು ಪುಸ್ತಕವನ್ನಿಟ್ಟು, ಬೇನೆಯು ಬಂದ ದಿನ, ಲಕ್ಷಣ, ಔಷಧಿ, ಪ್ರಮಾಣ, ಗುಣವಾದ ದಿನ, ತೂಕ ಇವುಗಳನ್ನು ಬರೆದಿಡುವುದು. ರೋಗವು ಮರುಕಳಿಸಿದಾಗ ವೈದ್ಯರಿಗೆ ಇದಕ್ಕಿಂತ ಉಪಯುಕ್ತವಾದ ಸಾಮಗ್ರಿಯಿಲ್ಲ.

ತಳಿಯ ವಿಚಾರ

ಗಿಡ್ಡಕಾಲಿನ ನಾಯಿಗಳಲ್ಲಿ ಬಿಲ್ಲೆಯು ಬೇಗನೆ ಕೆಡುವುದಕ್ಕೆ ಕಾರಣವಾದ ಹೆಚ್ಚುವರಿ ವಂಶಾಣುವೊಂದನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಡಾಕ್ಸ್‌ಹುಂಡ್‌ಗಳಲ್ಲಿ ಬಹುತೇಕ ಎಲ್ಲಕ್ಕೂ ಈ ವಂಶಾಣುವಿರುವುದರಿಂದ ಅದರ ಪರೀಕ್ಷೆಯೊಂದರಿಂದಲೇ ಒಳ್ಳೆಯ ನಾಯಿಯನ್ನು ಆರಿಸುವುದು ಕಷ್ಟ. ಡೆನ್ಮಾರ್ಕ್ ಮುಂತಾದ ದೇಶಗಳಲ್ಲಿ 2 ರಿಂದ 4 ವರ್ಷಗಳ ವಯಸ್ಸಿನಲ್ಲಿ ಬೆನ್ನಿನ ಕ್ಷಕಿರಣ ಚಿತ್ರ ತೆಗೆಯಿಸಿ, ಸುಣ್ಣಗಟ್ಟಿದ ಬಿಲ್ಲೆಗಳು ಹೆಚ್ಚಾಗಿರುವ ನಾಯಿಗಳನ್ನು ಸಂತಾನಕ್ಕೆ ಬಿಡದಿರುವ ಪದ್ಧತಿಯುಂಟು. ಒಮ್ಮೆ ಬೇನೆಗೆ ಬಿದ್ದ ನಾಯಿಯನ್ನು ಎಷ್ಟೇ ಸುಂದರವಾಗಿದ್ದರೂ ಮರಿಹಾಕಿಸಲು ಬಳಸಬಾರದು. ಮರಿಯನ್ನು ಕೊಳ್ಳುವವರು ತಾಯಿತಂದೆಗಳ ಬೆನ್ನಿನ ಸ್ಥಿತಿಯನ್ನು ಕೇಳಿ ತಿಳಿಯುವುದು ಉತ್ತಮ.

ಕಾಲು ಬಾರದೆ ಉಳಿದ ನಾಯಿ

ಎಲ್ಲಾ ಪ್ರಯತ್ನಗಳ ತರುವಾಯವೂ ಕೆಲವು ನಾಯಿಗಳಿಗೆ ಕಾಲು ಬರುವುದಿಲ್ಲ. ಐದನೆಯ ದರ್ಜೆಯ ನಾಯಿಗಳಲ್ಲಿ ಕೆಲವಕ್ಕೆ ಬೆನ್ನುಹುರಿಯೇ ಕರಗುತ್ತ ಮೇಲ್ಮೇಲಕ್ಕೆ ಏರಿ, ಮುಂಗಾಲುಗಳೂ ಸೋತು, ಕೆಲವು ದಿನಗಳೊಳಗೆ ಉಸಿರು ನಿಲ್ಲುತ್ತದೆ. ಅದಕ್ಕೆ ಚಿಕಿತ್ಸೆಯಿಲ್ಲ, ಅಂತಹ ನಾಯಿಗೆ ವೈದ್ಯರ ಕೈಯಿಂದ ನೋವಿಲ್ಲದ ಮರಣವನ್ನು ಕೊಡಿಸುವುದೇ ದಯೆ. ಆದರೆ ಕಾಲು ಬಿದ್ದುದೊಂದನ್ನೇ ಕಾರಣ ಮಾಡಿ ಮೊದಲನೆಯ ವಾರದಲ್ಲಿಯೇ ನಾಯಿಯನ್ನು ಕೊಲ್ಲಿಸುವುದು ಅವಸರದ ಕೆಲಸ. ನೋವಿನ ಅರಿವು ಉಳಿದಿರುವ ನಾಯಿಯು ವಾರಗಟ್ಟಲೆ ಕಳೆದ ಮೇಲೂ ಎದ್ದು ನಿಲ್ಲುವುದುಂಟು. ಅರಿವಿಲ್ಲದೆ ಉಳಿದ ನಾಯಿಯೂ ನೋವಿಲ್ಲದಿದ್ದು, ಉಂಡು, ಕರೆದರೆ ಓಗೊಡುತ್ತಿದ್ದರೆ, ಹಿಂಭಾಗಕ್ಕೆ ಎರಡು ಗಾಲಿಗಳ ಪುಟ್ಟ ಬಂಡಿಯನ್ನು ಕಟ್ಟಿಸಿಕೊಂಡು ವರ್ಷಗಟ್ಟಲೆ ಅಂಗಳದಲ್ಲಿ ಓಡಾಡಬಲ್ಲದು. ಅದಕ್ಕೆ ಬೇಕಾದುದು ದಿನಕ್ಕೆ ಮೂರು ನಾಲ್ಕು ಸಲ ಮೂತ್ರವನ್ನು ತೆಗೆಯುವ ಕೈ, ಒಣಗಿದ ಹಾಸಿಗೆ, ಬೇಸರಪಡದ ಮನಸ್ಸು. ಇವುಗಳನ್ನು ತಾನು ಒದಗಿಸಬಲ್ಲೆನೇ ಎಂಬುದನ್ನು ಯಜಮಾನನು ವೈದ್ಯರೊಡನೆ ಕುಳಿತು ಆಲೋಚಿಸಿ ತೀರ್ಮಾನಿಸತಕ್ಕದ್ದು.