ಹಿತ್ತಲ ಮಾವು ಏಕೆ ಹೂಬಿಡಲಿಲ್ಲ?

ಮಾಗಿ ಕಳೆಯುತ್ತ ಬಂದರೂ ಹಿತ್ತಲಲ್ಲಿಯ ಮಾವಿನ ಮರವು ಹೂಬಿಡದೆ ಕೆಂದಳಿರನ್ನೇ ಹೊತ್ತು ನಿಂತರೆ, ನಮ್ಮ ಜನರು ಸಾಮಾನ್ಯವಾಗಿ ಎರಡು ಮಾತುಗಳಲ್ಲೊಂದನ್ನು ಆಡುವರು. 'ಈ ಮರ ಗೊಡ್ಡು' ಎಂಬದೊಂದು; 'ಇದಕ್ಕೆ ನೀರು ಸಾಲದು' ಎಂಬದಿನ್ನೊಂದು. ಮೊದಲನೆಯ ಮಾತು ಮರದ ಬುಡಕ್ಕೆ ಕೊಡಲಿಯನ್ನು ತರುವದು. ಎರಡನೆಯದು ಇನ್ನೂ ನಾಲ್ಕು ಕೊಡ ನೀರನ್ನು ಸುರಿಸುವದು. ಇವೆರಡೂ ಬಹುಮಟ್ಟಿಗೆ ತಪ್ಪು ತೀರ್ಪುಗಳೆಂಬದನ್ನು ವಾಚಕರು ಮನಗಾಣಬೇಕಾಗಿದೆ.

ನವಲಗುಂದ ತಾಲೂಕಿನ ಯಮನೂರನ್ನೇ ನೋಡೋಣ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಕ್ಷೇತ್ರವಿದು. ಬೆಣ್ಣೆಹಳ್ಳದ ದಂಡೆಯ ಮೇಲಿನ ಎರೆಭೂಮಿಯ ಊರು. ಧಾರವಾಡ ಕಲಘಟಗಿಗಳ ಕಡೆಯ ಕೆಂಪು ನೆಲದಲ್ಲಿ ಆಪೂಸ ಮಾವಿನ ತೋಟಗಳೇ ಇರುವವು. ಎರೆಯ ಸೀಮೆಯಲ್ಲಿಯಾದರೋ ಹೊಲವು ಕಡಲೆ ಜೋಳ ಹತ್ತಿಗಳದು, ಮಾವು ಪೇರಲಗಳಿಗೆ ಹಿತ್ತಲೇ ಗತಿ. ಮಳೆಯ ನೀರು ಬೇಗ ಬಸಿದು ಹೋಗುವದು ಕೆಂಪು ನೆಲದ ಗುಣ. ತಿಂಗಳುಗಟ್ಟಲೆ ತೇವವನ್ನು ಹಿಡಿದಿಡುವದು ಎರೆಯ ಗುಣ. ಅದರ ಮೇಲೆ ವರ್ಷವಿಡೀ ಬಚ್ಚಲ ನೀರೂ ಬುಡಕ್ಕೆ ಹರಿದರೆ ಮರಕ್ಕೆ ಬಿಡುವೆಲ್ಲಿಯದು?

ಬಿಡುವಿನಲ್ಲಿಯೇ ಹೂವಿನ ಗುಟ್ಟಿರುವದು. ಮಾವಿನ ಹೂಗೊಂಚಲು ಟೊಂಗೆಯ ತುದಿಮೊಗ್ಗಿನಿಂದ ಹೊರಡತಕ್ಕದ್ದು. ಆ ಮೊಗ್ಗು ಎಲೆಯಾಗಬೇಕೋ ಹೂವಾಗಬೇಕೋ ಎಂಬದು ಮುಖ್ಯವಾಗಿ ಎರಡು ಸಂಗತಿಗಳಿಂದ ನಿರ್ಣಯವಾಗುವದು: ಒಂದು ಟೊಂಗೆಯ ವಯಸ್ಸು, ಇನ್ನೊಂದು ರಾತ್ರಿಯ ತಂಪು. ಕಾಯಿ ಇಳಿಸಿದ ತರುವಾಯ ಮುಂಗಾರಿನಲ್ಲಿ ಒಡೆದ ಚಿಗುರು ನಾಲ್ಕೈದು ತಿಂಗಳು ಬಲಿತು, ಕಡುಹಸಿರಾಗಿ, ಬೆಳವಣಿಗೆಯನ್ನು ನಿಲ್ಲಿಸಿ ವಿಶ್ರಮಿಸಬೇಕು. ಅಂಥ ಬಲಿತ ಎಲೆಗಳಿಗೆ ಉಷ್ಣಮಾನವು 15 ಅಂಶಗಳ ಸುಮಾರಿಗೆ ಇಳಿಯುವ ರಾತ್ರಿಗಳು ಕೆಲವು ವಾರ ದೊರೆತರೆ, ಹೂವನ್ನು ಪ್ರೇರಿಸುವ ಸತ್ವವು ಎಲೆಗಳಲ್ಲಿ ಹುಟ್ಟಿ ಮೊಗ್ಗಿಗೆ ಮುಟ್ಟುವದು. ನಮ್ಮ ಸೀಮೆಯ ಚಳಿಗೆ ಎಳೆಯ ಟೊಂಗೆಯು ಸಾಮಾನ್ಯವಾಗಿ ಹೂಬಿಡದು. ಆದುದರಿಂದ ಪುಷ್ಯದಲ್ಲಿ ಕಾಣುವ ಹೂವಿನ ಅಸ್ತಿವಾರವು ಆಷಾಢ ಶ್ರಾವಣಗಳಲ್ಲಿಯೇ ಬಿದ್ದಿರುತ್ತದೆ. ಆಪೂಸಕ್ಕಂತೂ ಒಂದು ವರ್ಷ ತುಂಬ ಕಾಯ್ದು ಮರುವರ್ಷ ಸುಮ್ಮನಿರುವದು ಜಾತಿಸ್ವಭಾವವೇ. ಕಾಯಿಯ ಭಾರದಿಂದ ದಣಿದ ಮರವು ಸಕಾಲದಲ್ಲಿ ಚಿಗುರಲಾರದು.

ಈ ತತ್ವವು ನಮ್ಮ ಹಿರಿಯರಿಗೆ ಅಪರಿಚಿತವಾಗಿದ್ದಿಲ್ಲ. ಪೇರಲ, ದಾಳಿಂಬೆ, ಲಿಂಬೆಗಳಿಗೆ ಅಂಬೆ ಬಹಾರ, ಮೃಗ ಬಹಾರ, ಹಸ್ತ ಬಹಾರಗಳೆಂದು ಮೂರು ಹೂಗಾಲಗಳನ್ನು ದಖ್ಖಣದ ತೋಟಿಗರು ಗುರುತಿಸಿರುವರು. ಮಾವು ಹೂಬಿಡುವ ಕಾಲದ್ದು ಮೊದಲನೆಯದು. ಮಿಕ್ಕೆರಡಕ್ಕೆ ಮಳೆಯ ನಕ್ಷತ್ರಗಳ ಹೆಸರು. ಬೇಕಾದ ಬಹಾರವನ್ನು ಹಿಡಿಯಬೇಕಾದರೆ ಮೊದಲು ನೀರನ್ನು ತಡೆದು, ಗಿಡವನ್ನು ಬಾಡಿಸಿ, ಆಮೇಲೆ ಗೊಬ್ಬರ ನೀರು ಕೊಡುವದು ರೂಢಿ. ಉಪವಾಸದ ತರುವಾಯವೇ ಪಾರಣೆ ಎಂಬದನ್ನು ಅವರು ಗಿಡಗಳಿಗೂ ಅನ್ವಯಿಸಿದ್ದರು.

ಆದರೆ ಈಗ ಋತುಮಾನವೇ ಮಾತಿಗೆ ತಪ್ಪತೊಡಗಿದೆ. ಹಸ್ತ ಚಿತ್ತೆಗಳಲ್ಲಿ ಹಿಂಜರಿಯಬೇಕಾದ ಮಳೆಯು ಕಾರ್ತಿಕದ ವರೆಗೂ ಎಳೆದರೆ, ವಿಶ್ರಮಿಸಬೇಕಾದ ಟೊಂಗೆಯು ಮತ್ತೆ ಚಿಗುರುವದು. ಆ ಚಿಗುರು ಬಲಿಯುವಷ್ಟರಲ್ಲಿ ಚಳಿಗಾಲವೇ ತೀರಿರುವದು. 2021ರ ನವಂಬರದಲ್ಲಿ ರಾಜ್ಯದ ಮೇಲೆಲ್ಲ ಬಿದ್ದ ಅಕಾಲದ ಮಳೆಯು ಇಂಥದೇ. ಹೂಬಿಟ್ಟ ಮೇಲೆಯೂ ಮೋಡ ಮಂಜುಗಳು ಕವಿದರೆ ಬೂದಿರೋಗ, ಜಿಗಿಹುಳುಗಳ ಕಾಟ ತಪ್ಪದು.

ಹೀಗಾದಾಗ ಔಷಧದ ಅಂಗಡಿಗೆ ಓಡುವದು ಸಹಜ. ಕಲ್ಟಾರವೆಂಬ ಹೆಸರಿನಲ್ಲಿ ಮಾರುವ ಪ್ಯಾಕ್ಲೋಬ್ಯುಟ್ರಝಾಲವು ಚಿಗುರನ್ನು ತಡೆದು ಹೂವನ್ನು ತರುವದು ನಿಜ. ಆದರೆ ಅದು ಮಣ್ಣಿನಲ್ಲಿ ಬಹುಕಾಲ ಉಳಿಯತಕ್ಕ ದ್ರವ್ಯ. ಕಾಯಿಪಲ್ಲೆಯೂ ಬಾವಿಯೂ ಇರುವ ಹಿತ್ತಲಿಗೆ ಅದು ತಕ್ಕುದಲ್ಲ. ಫಿಲಿಪೈನ್ಸ ದ್ವೀಪಗಳಲ್ಲಿ ಮಾವಿನ ಕೆಳಗೆ ಹೊಗೆಯಿಕ್ಕಿ ಹೂವನ್ನು ಬರಿಸುತ್ತಿದ್ದರು. 1970ರ ದಶಕದಲ್ಲಿ ಅಲ್ಲಿಯ ರಾಮೋನ್ ಬಾರ್ಬಾ ಎಂಬ ವಿಜ್ಞಾನಿಯು ಹೊಗೆಯ ಬದಲು ಪೊಟ್ಯಾಸಿಯಮ್ ನೈಟ್ರೇಟಿನ ಸಿಂಪಡಣೆಯನ್ನು ಬಳಕೆಗೆ ತಂದನು. ಆದರೆ ಅದೂ ಫಲಿಸುವದು ಬಲಿತ ಟೊಂಗೆಯಲ್ಲಿ ಮಾತ್ರ. ಕಾಲವನ್ನು ಮೀರಿಸುವ ಮದ್ದು ಯಾವದೂ ಇಲ್ಲ.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ಟೊಂಗೆ ಸವರುವದು, ಗೊಬ್ಬರ ಹಾಕುವದು ಕಾಯಿ ಇಳಿಸಿದ ಕೂಡಲೆ ಆಗಬೇಕು, ದೀಪಾವಳಿಗಲ್ಲ. ಹಿಂಗಾರು ಹಿಂದಾದೊಡನೆ ಬಚ್ಚಲ ನೀರನ್ನು ಬಾಳೆಯ ಕಡೆಗೆ ತಿರುವಬೇಕು; ಕಾಯಿ ಬಟಾಣಿಯಷ್ಟಾದ ಮೇಲೆ ಮಾವಿಗೆ ಮತ್ತೆ ನೀರು. ಗೊರಟೆಯಿಂದೆದ್ದ ಮರಕ್ಕೆ ಆರರಿಂದ ಹತ್ತು ವರ್ಷ ತಾಳ್ಮೆ ಬೇಕು.

ಅಧಿಕಾರಿಗಳು ಮಾಡಬೇಕಾದುದೂ ಒಂದುಂಟು. ಜಪಾನದ ಕ್ಯೋಟೋ ನಗರದಲ್ಲಿ ಚೆರಿಹೂಗಳು ಅರಳಿದ ದಿನಗಳ ಲೆಕ್ಕವು ಒಂಬತ್ತನೆಯ ಶತಮಾನದಿಂದ ಸಿಕ್ಕುವದು. 2021ರಲ್ಲಿ ಮಾರ್ಚ 26ಕ್ಕೆ ಹೂವು ತುಂಬಿ ಅರಳಿದಾಗ, ಅದು 1409ರ ಮಾರ್ಚ 27ನ್ನೂ ಹಿಂದಿಕ್ಕಿತೆಂದು ಅವರು ಕೂಡಲೆ ಹೇಳಬಲ್ಲವರಾದರು. ನಮ್ಮ ಪಂಚಾಯಿತಿಗಳಲ್ಲಿ ಮಳೆಯ ಲೆಕ್ಕ ಬರೆಯುವ ಪುಸ್ತಕದ ಪಕ್ಕದಲ್ಲಿ ಮಾವಿನ ಮೊದಲ ಹೂವಿನ ತಾರೀಖಿಗೂ ಒಂದು ಪುಟವಿರಲಿ. ಶಾಲೆಯ ಮಕ್ಕಳೂ ಅದನ್ನು ಬರೆಯಬಲ್ಲರು. ಇದಕ್ಕೆ ಹಣ ಬೇಡ, ಕಣ್ಣು ಬೇಕು. ಹತ್ತು ವರ್ಷಗಳ ಅಂಥ ಲೆಕ್ಕವು ಕೈಯಲ್ಲಿದ್ದರೆ, ಗೊಡ್ಡೆಂಬ ಅಪವಾದವನ್ನು ಹೊತ್ತು ಕೊಡಲಿಗೆ ಈಡಾಗುವ ಮರಗಳೆಷ್ಟೋ ಉಳಿದಾವು.